ಅಂಗೈಯಗಲದ ಜೀಪಿಗೆ ಹಿಡಿದ ತುಕ್ಕು

ಮಲೆನಾಡಿನ ಸೀತೂರಿನ ಸುತ್ತಿನ ತೋಟದ ಮನೆಗಳಲ್ಲಿ, ಕೊಟ್ಟಿಗೆಗೆ ಆತುಕೊಂಡ ಮಾಡಿನಡಿಯಲ್ಲಿ, ಸೌದೆಯ ಒಟ್ಟಿಲಿಗೂ ಅಡಿಕೆ ಹಾಳೆಯ ಕಟ್ಟುಗಳಿಗೂ ನಡುವೆ, ಹಳೆಯ ಜೀಪೊಂದು ತನ್ನ ಆಯುಷ್ಯದ ಉತ್ತರಾರ್ಧವನ್ನು ಕಳೆಯುತ್ತಿರುವ ದೃಶ್ಯ ಇನ್ನೂ ಅಲ್ಲಲ್ಲಿ ಕಾಣಸಿಗುತ್ತದೆ. ಹಳ್ಳ ದಾಟಿ, ಏರು ಹತ್ತಿ, ಗೊಬ್ಬರದ ಮೂಟೆಯಿಂದ ಮೊದಲ್ಗೊಂಡು ಮದುವೆಯ ದಿಬ್ಬಣದವರೆಗೆ ಎಲ್ಲವನ್ನೂ ಹೊತ್ತ ಈ ಯಂತ್ರದ ಮೈಮೇಲೆ ನಮ್ಮ ಸೀಮೆಯ ಮಳೆ, ಮಣ್ಣು, ಮೈಲುತುತ್ತಗಳು ಬರೆದಿಟ್ಟ ಲಿಪಿಯನ್ನು ಇಪ್ಪತ್ತನಾಲ್ಕರಲ್ಲೊಂದು ಪ್ರಮಾಣಕ್ಕೆ ಇಳಿಸಿ, ಅಂಗೈಯಗಲದ ಮಾದರಿಯೊಂದರ ಮೇಲೆ ನಕಲು ಮಾಡುವುದು ನನಗೆ ಕೆಲವು ವರ್ಷಗಳಿಂದ ಹತ್ತಿದ ಹುಚ್ಚು. ಹವಾಯಿ ಚಪ್ಪಲಿಯನ್ನು ಕೊರೆದು ಚಕ್ರ ಮಾಡಿ, ಮುರಿದ ಕೊಡೆಯ ಕಡ್ಡಿಯನ್ನು ಅಚ್ಚಿಗೆ ಹಾಕಿ, ಬೆಂಕಿಪೊಟ್ಟಣದ ಲಾರಿಯನ್ನು ಅಂಗಳದಲ್ಲಿ ಎಳೆದಾಡಿದ ಬಾಲ್ಯಕ್ಕೂ ಈ ಹುಚ್ಚಿಗೂ ನಂಟುಂಟು. ವ್ಯತ್ಯಾಸವಿಷ್ಟೆ: ಅಂದಿನ ಲಾರಿ ಓಡಿದರೆ ಸಾಕಿತ್ತು, ಇಂದಿನ ಜೀಪು ಓಡಿ ದಣಿದಂತೆ ಕಾಣಬೇಕು. ಇಂಗ್ಲಿಷಿನವರು ವೆದರಿಂಗ್ ಎಂದು ಕರೆಯುವ, ನಾವು ಹಳಮೆ ಬರಿಸುವುದೆನ್ನಬಹುದಾದ ಈ ಕೆಲಸದಲ್ಲಿ ಕೈಚಳಕಕ್ಕಿಂತ ಭೌತ, ರಸಾಯನಗಳ ಪಾಠವೇ ಹೆಚ್ಚೆಂದು ಮೊದಲ ಮಾದರಿಯನ್ನು ಕೆಡಿಸಿದ ಮೇಲೆಯೇ ನನಗೆ ತಿಳಿದದ್ದು.

ಇಪ್ಪತ್ತನಾಲ್ಕೇ ಏಕೆ ಎಂದು ಕೇಳುವವರುಂಟು. ಅಡಿಗೆ ಹನ್ನೆರಡು ಅಂಗುಲವಾದುದರಿಂದ, ನಿಜದ ಒಂದು ಅಡಿಗೆ ಮಾದರಿಯಲ್ಲಿ ಅರ್ಧ ಅಂಗುಲವೆಂದು ಲೆಕ್ಕ ಹಿಡಿದರೆ ದೊರೆಯುವ ಪ್ರಮಾಣವಿದು. ಎಲ್ಲ ಪ್ರಮಾಣಗಳ ಹುಟ್ಟೂ ಇಷ್ಟು ಸಯುಕ್ತಿಕವಲ್ಲ. ಸೈನಿಕ ವಾಹನಗಳ ಮಾದರಿಗಳಲ್ಲಿ ಜಗತ್ತೆಲ್ಲ ಒಪ್ಪಿರುವ ಮೂವತ್ತೈದರಲ್ಲೊಂದು ಪ್ರಮಾಣವು, 1960ರ ದಶಕದ ಆದಿಯಲ್ಲಿ ಜಪಾನಿನ ತಮಿಯಾ ಸಂಸ್ಥೆ ತನ್ನ ಟ್ಯಾಂಕಿನ ಹೊಟ್ಟೆಯೊಳಗೆ ಮೋಟಾರೂ ಬ್ಯಾಟರಿಗಳೂ ಹಿಡಿಯಬೇಕೆಂದು ಆರಿಸಿಕೊಂಡ ಗಾತ್ರದಿಂದ ಬಂದದ್ದು. ಅದಿರಲಿ. ಸುಮಾರು 3.3 ಮೀಟರು ಉದ್ದದ ಜೀಪು ನಮ್ಮ ಪ್ರಮಾಣದಲ್ಲಿ ಹದಿನಾಲ್ಕು ಸೆಂಟಿಮೀಟರಿನೊಳಗೆ ಅಡಗುತ್ತದೆ. ಆದರೆ ಉದ್ದವು ಇಪ್ಪತ್ತನಾಲ್ಕು ಪಾಲು ಕುಗ್ಗಿದಾಗ ಮೇಲ್ಮೈ 576 ಪಾಲೂ ಗಾತ್ರವು 13,824 ಪಾಲೂ ಕುಗ್ಗುವುದರಿಂದ, ಸುಮಾರು 1,100 ಕಿಲೋಗ್ರಾಮು ತೂಗುವ ಜೀಪನ್ನು ಅದೇ ಲೋಹದಿಂದ ಯಥಾವತ್ತಾಗಿ ಕಿರಿದುಗೊಳಿಸಿದರೂ ಅದು ತೂಗುವುದು 80 ಗ್ರಾಮು ಮಾತ್ರ. ಪಾಲಿಸ್ಟೈರೀನ್ ಹಾಳೆಯಲ್ಲಿ ಕಟ್ಟಿದ ನನ್ನದು ಅದಕ್ಕಿಂತ ಹಗುರ. ಹೀಗೆ ಭಾರವಿಲ್ಲದ ವಸ್ತು ನೆಲದ ಮೇಲೆ ಕೂರುವುದಿಲ್ಲ, ಬರಿದೆ ತಾಗಿಕೊಂಡಿರುತ್ತದೆ; ಕಣ್ಣು ಈ ಮೋಸವನ್ನು ಕ್ಷಣದಲ್ಲಿ ಪತ್ತೆಹಚ್ಚುತ್ತದೆ. ಆದುದರಿಂದಲೇ ಪಳಗಿದವರು ಟೈರಿನ ತಳವನ್ನು ಉಪ್ಪುಕಾಗದದ ಮೇಲೆ ತುಸು ಉಜ್ಜಿ ಚಪ್ಪಟೆ ಮಾಡುತ್ತಾರೆ. ಅರ್ಧ ಮಿಲಿಮೀಟರು ಸವೆಸಿದರೆ ಸಾಕು, ಒಂದು ಟನ್ನಿನ ಭಾರ ತಾನಾಗಿ ಬಂದು ಕುಳಿತಂತೆ ತೋರುತ್ತದೆ.

ಬಣ್ಣಕ್ಕೂ ಧೂಳಿಗೂ ಇದೇ ಗಣಿತ ಅನ್ವಯಿಸುತ್ತದೆ. ಕುಂಚದಿಂದ ಹಚ್ಚಿದ ಬಣ್ಣ ಹತ್ತರಲ್ಲೊಂದು ಮಿಲಿಮೀಟರು ದಪ್ಪವಾದರೂ, ನೋಡುವವನಿಗೆ ಅದು ಜೀಪಿನ ಮೈಗೆ ಎರಡೂವರೆ ಮಿಲಿಮೀಟರಿನಷ್ಟು ಗಾರೆ ಬಳಿದಂತೆ ಕಾಣುತ್ತದೆ. ನಿಜವಾದ ಮಳೆಹನಿಯೊಂದು ಮಾದರಿಯ ಬಾನೆಟ್ಟಿನ ಮೇಲೆ ಬಿದ್ದರೆ ಅದು ಕಿತ್ತಳೆಹಣ್ಣಿನ ಗಾತ್ರದ ನೀರಿನ ಗುಂಡು; ನೀರಿನ ಮೇಲ್ಮೈ ಎಳೆತವನ್ನು ಕಿರಿದುಗೊಳಿಸುವ ಉಪಾಯ ಯಾರ ಬಳಿಯೂ ಇಲ್ಲ. ರಸ್ತೆಯ ಕೆಮ್ಮಣ್ಣನ್ನು ಹಾಗೆಯೇ ಉದುರಿಸಿದರೆ ಕಲ್ಲು ಜಲ್ಲಿ ಸುರಿದಂತಾಗುತ್ತದೆ. ಇಲ್ಲಿ ನಮ್ಮ ವೈದ್ಯರ ವಸ್ತ್ರಗಾಳಿತ ಕ್ರಮವೂ ಸಾಲದು, ನೀರಿನ ಸಹಾಯ ಬೇಕು. ಒಂದು ಹಿಡಿ ಮಣ್ಣನ್ನು ಚೊಂಬಿನ ನೀರಿನಲ್ಲಿ ಕದಡಿ ಬಿಟ್ಟರೆ, ಹತ್ತು ಸೆಂಟಿಮೀಟರು ಆಳವನ್ನು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನ ಕಣವು ಹನ್ನೊಂದು ಹನ್ನೆರಡು ಸೆಕೆಂಡುಗಳಲ್ಲಿ ಇಳಿದುಬಿಡುತ್ತದೆ. ಅದರ ಹತ್ತರಲ್ಲೊಂದು ಗಾತ್ರದ ಕಣಕ್ಕೆ ಹದಿನೆಂಟು ನಿಮಿಷ ಬೇಕು. ಕಣದ ವ್ಯಾಸ ಹತ್ತುಪಾಲು ಕಿರಿದಾದರೆ ಅದು ಇಳಿಯುವ ವೇಗ ನೂರುಪಾಲು ಕಡಿಮೆಯಾಗುತ್ತದೆಂಬ ಈ ನಿಯಮವನ್ನು ಹತ್ತೊಂಬತ್ತನೆಯ ಶತಮಾನದ ನಡುವೆ ನಿರೂಪಿಸಿದವನು ಸ್ಟೋಕ್ಸ್. ಒಂದೆರಡು ನಿಮಿಷ ತಡೆದು, ಮೇಲಿನ ಕೆಂಪು ನೀರನ್ನಷ್ಟೆ ಬೇರೆ ಪಾತ್ರೆಗೆ ಬಸಿದು, ರಾತ್ರಿಯಿಡೀ ಅಲುಗದಂತೆ ಇಟ್ಟರೆ, ಬೆಳಗ್ಗೆ ತಳದಲ್ಲಿ ಕುಂಕುಮದಷ್ಟು ನಯವಾದ ಮಣ್ಣು ದೊರೆಯುತ್ತದೆ. ಕಣವಾಗಿ ಕಣ್ಣಿಗೆ ಕಾಣದೆ, ಬಣ್ಣವಾಗಿ ಮಾತ್ರ ಕಾಣುವ ಇದೇ ನಮಗೆ ಬೇಕಾದ ಧೂಳು.

ಅಂಗಡಿಯಲ್ಲಿ ತುಕ್ಕಿನ ಬಣ್ಣವೆಂದು ಪುಟ್ಟ ಬಾಟಲಿಗಳಲ್ಲಿ ಮಾರುವ ಪುಡಿಗೆ ದುಡ್ಡು ತೆರುವುದು ನಮ್ಮ ಸೀಮೆಯವರಿಗೆ ಶೋಭಿಸದು. ಫ್ರಾನ್ಸಿಸ್ ಬುಕಾನನ್ ತನ್ನ ಮೈಸೂರು, ಕನ್ನಡ, ಮಲಬಾರು ಪ್ರವಾಸದ ಗ್ರಂಥದಲ್ಲಿ 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ ನಮ್ಮ ಜಂಬಿಟ್ಟಿಗೆ ಕಲ್ಲು, ಮಳೆಯು ಯುಗಯುಗಗಳ ಕಾಲ ಬಂಡೆಯನ್ನು ತೊಳೆದು, ಕರಗುವುದನ್ನೆಲ್ಲ ಒಯ್ದು, ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂಗಳ ಆಕ್ಸೈಡುಗಳನ್ನು ಉಳಿಸಿದ ಶೇಷ. ತುಕ್ಕು ಸಹ ನೀರೂ ಆಮ್ಲಜನಕವೂ ಕಬ್ಬಿಣವನ್ನು ತಿಂದು ಉಳಿಸಿದ ಆಕ್ಸೈಡೇ. ರಸ್ತೆಯ ಕೆಮ್ಮಣ್ಣು, ಜೀಪಿನ ತುಕ್ಕು ಇವೆರಡೂ ಸಗೋತ್ರಗಳು.

ಆದರೆ ಬಣ್ಣ ಕೈಗೆ ಬಂದೊಡನೆ ಮೈಯೆಲ್ಲ ಬಳಿಯುವವನು ಜೀಪನ್ನು ಕಜ್ಜಿ ಹತ್ತಿದ ಎಮ್ಮೆಯಂತೆ ಮಾಡಿಬಿಡುತ್ತಾನೆ. ತುಕ್ಕಿಗೆ ತನ್ನದೇ ಭೂಗೋಳವುಂಟು. ಕೇಂಬ್ರಿಜ್ಜಿನ ಇವಾನ್ಸ್ ಎಂಬ ವಿಜ್ಞಾನಿ ಇದನ್ನು ಒಂದು ಹನಿ ಉಪ್ಪುನೀರಿನಲ್ಲಿ ತೋರಿಸಿಕೊಟ್ಟ. ಬಣ್ಣಸೂಚಕಗಳನ್ನು ಬೆರೆಸಿದ ಹನಿಯನ್ನು ಉಜ್ಜಿದ ಕಬ್ಬಿಣದ ತಗಡಿನ ಮೇಲಿಟ್ಟರೆ, ಸ್ವಲ್ಪ ಹೊತ್ತಿನಲ್ಲಿ ಅದರ ನಡು ನೀಲಿಯಾಗಿ ಅಂಚು ನಸುಗೆಂಪಾಗುತ್ತದೆ: ಗಾಳಿ ತಲಪುವ ಅಂಚು ಸುರಕ್ಷಿತ, ಗಾಳಿ ತಲಪದ ನಡುವಿನಲ್ಲಿ ಕಬ್ಬಿಣ ಕರಗುತ್ತಿದೆ. ಎಲ್ಲಿ ಒದ್ದೆ ಮಣ್ಣು ಮೆತ್ತಿಕೊಂಡು ಗಾಳಿಯಾಡದೆ ಇರುತ್ತದೆಯೋ ಅಲ್ಲಿ, ಎಂದರೆ ಮಡ್‌ಗಾರ್ಡಿನ ಒಳಮಡಿಕೆ, ನೆಲದ ತಗಡಿನ ಮೂಲೆ, ತಗಡಿಗೆ ತಗಡು ಕೂಡುವ ಸಂದುಗಳಲ್ಲಿ, ಲೋಹ ಮೊದಲು ಸಾಯುತ್ತದೆಂಬುದು ಇದರ ತಾತ್ಪರ್ಯ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಾಲು ಹೆಚ್ಚು ಜಾಗ ಬೇಡುವುದರಿಂದ ಬಣ್ಣವನ್ನು ಒಳಗಿನಿಂದ ಉಬ್ಬಿಸಿ ಸೀಳುತ್ತದೆ. ಇದನ್ನು ತೋರಿಸಲು ಮೊದಲು ತುಕ್ಕಿನ ಬಣ್ಣ ಹಚ್ಚಿ, ಒಣಗಿದ ಮೇಲೆ ಕೂದಲಿಗೆ ಹೊಡೆಯುವ ಹೇರ್‌ಸ್ಪ್ರೇಯನ್ನು ತೆಳುವಾಗಿ ಸಿಂಪಡಿಸಿ, ಅದರ ಮೇಲೆ ಜೀಪಿನ ಬಣ್ಣ ಕೊಡಬೇಕು. ಬಳಿಕ ಒದ್ದೆ ಕುಂಚದಿಂದ ತೀಡಿದರೆ ನಡುವಿನ ಪದರ ನೀರಿಗೆ ಕರಗಿ, ಮೇಲಿನ ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ. ಸಂದುಗಳಿಗೆ ನೀರಾದ ಕಪ್ಪು ಕಂದು ಬಣ್ಣವನ್ನು ಮುಟ್ಟಿಸಿದರೆ ಸಾಕು, ದೀಪದ ಬತ್ತಿಗೆ ಎಣ್ಣೆ ಏರಿಸುವ ಕೇಶಾಕರ್ಷಣವೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಇಪ್ಪತ್ತು ಮಳೆಗಾಲ ಎರಡು ಸಂಜೆಗಳಲ್ಲಿ ಕಳೆಯುತ್ತದೆ.

ಪರದೇಶದ ಹವ್ಯಾಸಿಗಳ ಪುಸ್ತಕಗಳಲ್ಲಿ ಸಿಗದ ಕಲೆಯೊಂದು ನಮ್ಮ ಜೀಪುಗಳ ಹಿಂಭಾಗದಲ್ಲುಂಟು: ತಿಳಿ ನೀಲಿಯ, ಸುಣ್ಣದಂತೆ ಒಣಗಿದ ಸೋರಿಕೆಯ ಗೆರೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ರೂಢಿಗೆ ತಂದಂದಿನಿಂದ, ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣವೆಂಬ ಲೆಕ್ಕ ತೋಟದವರಿಗೆಲ್ಲ ಬಾಯಿಪಾಠ. ಸುಣ್ಣ ಸಾಕಾಯಿತೇ ಎಂದು ತಿಳಿಯಲು ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅಲಗಿಗೆ ಕೆಂಪು ಲೇಪ ಕಟ್ಟಿದರೆ ಇನ್ನಷ್ಟು ಸುಣ್ಣ ಬೇಕು. ಆ ಕೆಂಪು, ದ್ರಾವಣದ ತಾಮ್ರ. ತಾಮ್ರ ಅಲಗಿಗೆ ಬಂದು ಕೂರುವಾಗ ಅಷ್ಟು ಕಬ್ಬಿಣ ಕರಗಿ ಹೋಗುತ್ತದೆ. ಕತ್ತಿಗೆ ಆಗುವುದು ಜೀಪಿಗೂ ಆಗದಿರುವುದೆ? ಮೈಲುತುತ್ತದ ನೀರು ತುಳುಕಿದೆಡೆಯಲ್ಲೆಲ್ಲ ತಗಡು ಬೇಗ ತೂತಾಗುತ್ತದೆ. ಮಾದರಿಯಲ್ಲಿ ಹಿಂಬಾಗಿಲಿನ ಕೆಳಗೆ ನೀಲಿಯ ಒಂದು ಗೆರೆ, ಅದರ ಬುಡದಲ್ಲಿ ಗಾಢ ಕಂದು: ಇಷ್ಟನ್ನು ಇಟ್ಟರೆ ಅದು ಯಾವ ಊರಿನ ಜೀಪೆಂದು ಹೇಳಬೇಕಾಗಿಲ್ಲ.

ಇಷ್ಟೆಲ್ಲ ತಿಳಿದೆನೆಂಬ ಹೆಮ್ಮೆಯಲ್ಲಿ ನಾನು ಮುಗಿಸಿದ ಜೀಪನ್ನು, ಅಂಥ ವಾಹನಗಳಲ್ಲೇ ಆಯುಷ್ಯ ಸವೆಸಿದ ಹಿರಿಯ ಡ್ರೈವರೊಬ್ಬರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ, ಸುತ್ತ ತಿರುಗಿಸಿ ನೋಡಿ, "ಎಂತ ಮಾರಾಯ್ರೆ, ಎಡಗಡೆ ಬಣ್ಣ ಸವ್ದದೆ, ಬಲಗಡೆ ಹೊಸತು ಇದ್ದಂಗೆ ಇದೆ. ಇಲ್ಲಿ ಡ್ರೈವರ್ ಹತ್ತೋದು ಯಾವ ಕಡೆಯಿಂದ?" ಎಂದರು. ಅಮೆರಿಕದ ಜೀಪಿನ ಚಿತ್ರ ನೋಡಿ ಸವಕಲು ಬರೆದಿದ್ದೆ. ಅಲ್ಲಿ ಸ್ಟಿಯರಿಂಗು ಎಡಕ್ಕೆ. ಬಾಗಿಲಿಲ್ಲದ ಜೀಪಿನಲ್ಲಿ ದಿನಕ್ಕೆ ಹತ್ತು ಸಲ ತೊಡೆ ಉಜ್ಜಿ ತಗಡು ಬೆಳ್ಳಗೆ ಹೊಳೆಯುವ ಜಾಗ ನಮ್ಮಲ್ಲಿ ಬಲಕ್ಕೆ. ಎರಡು ವಾರದ ಕೆಲಸವನ್ನು ಒರೆಸಿ ತೆಗೆದೆ.

ಬಸ್ಸಿನ ಮಾದರಿ ಮಾಡುವ ಹುಡುಗರು ಇಂಥದೇ ಇನ್ನೊಂದು ತಪ್ಪು ಮಾಡುತ್ತಾರೆ. ಶಂಕರ್ ಬಸ್ಸು ಕಂಪನಿ ಮುಚ್ಚಿದಾಗ ಅದರ ಕಾರ್ಮಿಕರೇ ಕೂಡಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ, 2020ರಲ್ಲಿ ಓಟ ನಿಲ್ಲಿಸಿದ ಸಹಕಾರ ಸಾರಿಗೆಯ ಬಸ್ಸು ನಮ್ಮ ಸೀಮೆಯ ನೆನಪಿನಲ್ಲಿ ಇನ್ನೂ ಓಡುತ್ತಿರುವುದರಿಂದ, ಅದನ್ನು ರಟ್ಟಿನಲ್ಲೊ ಫೋಮ್ ಹಾಳೆಯಲ್ಲೊ ಕಟ್ಟಬೇಕೆಂಬ ಆಸೆ ಸಹಜ. ಕಟ್ಟಲಿ, ಆದರೆ ಪಕ್ಕದ ಹಲಗೆಗಳಿಗೆ ತುಕ್ಕು ಬಳಿಯದಿರಲಿ. ಬಸ್ಸುಗಳ ಹೊರಮೈಗೆ ಸಾಮಾನ್ಯವಾಗಿ ಹೊದಿಸುವುದು ಅಲ್ಯುಮಿನಿಯಂ ತಗಡು. ಅದು ಮಂಕಾಗುತ್ತದೆ, ನೆಗ್ಗುತ್ತದೆ, ಕೆಂಪಾಗುವುದಿಲ್ಲ. ಕೆಂಪು ಗೆರೆ ಇಳಿಯುವುದು ಉಕ್ಕಿನ ಸ್ಕ್ರೂಗಳ ಕೆಳಗೆ ಮಾತ್ರ.

ಕೊನೆಗೊಂದು ಸೂಚನೆ. ಆಷಾಢ ಹಿಡಿಯಿತೆಂದರೆ ನಮ್ಮ ಮನೆಗಳಲ್ಲಿ ಪುಸ್ತಕಕ್ಕೂ ಚಪ್ಪಲಿಗೂ ಹಿಡಿಯುವ ಬೂಷ್ಟು, ನೀವು ಬರೆದ ಸುಳ್ಳು ಮಣ್ಣಿನ ಮೇಲೂ ಬೆಳೆಯುತ್ತದೆ, ಮತ್ತು ಅದು ಇಪ್ಪತ್ತನಾಲ್ಕರಲ್ಲೊಂದು ಪ್ರಮಾಣವನ್ನು ಪಾಲಿಸುವುದಿಲ್ಲ. ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿ, ಸಿಲಿಕಾ ಜೆಲ್ಲಿನ ಒಂದೆರಡು ಪೊಟ್ಟಣಗಳೊಡನೆ ಇಡಿ. ಪೊಟ್ಟಣಗಳನ್ನು ತಿಂಗಳಿಗೊಮ್ಮೆ ಬಚ್ಚಲೊಲೆಯ ಬಳಿ ಕಾಯಿಸಿ ಒಣಗಿಸಿ.