ಮಣಿಕಟ್ಟೋ, ಎದೆಯೋ?
ಓಟಗಾರರ ಗಡಿಯಾರವನ್ನು ಕೊಳ್ಳುವ ಮುನ್ನ

ಒಂದು ಕಾಲದಲ್ಲಿ ಕೈಗಡಿಯಾರವೆಂದರೆ ಮಾವನ ಮನೆಯವರು ಅಳಿಯನಿಗೆ ಕೊಡುವ ಉಡುಗೊರೆ. ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದ ಮಗನಿಗೆ ತಂದೆಯ ಬಹುಮಾನ. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದೊಡನೆ ಬೆಂಗಳೂರಿನ ಎಚ್.ಎಂ.ಟಿ. ಗಡಿಯಾರ ತಯಾರಿಸತೊಡಗಿದ ಮೇಲೆ ಈ ವೈಭವವು ಸಾಮಾನ್ಯ ಗುಮಾಸ್ತರ ಮನೆಗೂ ಬಂದಿತು. ಬೆಳಿಗ್ಗೆ ಎದ್ದು ಕೀಲಿ ಕೊಟ್ಟರಾಯಿತು. ಅದು ಕಾಲವನ್ನು ತೋರಿಸುತ್ತಿತ್ತು, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಯಾರೂ ಬಯಸುತ್ತಿರಲಿಲ್ಲ. ಆ ಗಡಿಯಾರ ಕಂಪೆನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರವು ಒಪ್ಪಿಗೆಯಿತ್ತಿತು. ಇಂದಿನ ಗಡಿಯಾರವಾದರೋ ಕಾಲವನ್ನು ತೋರಿಸಿ ಸುಮ್ಮನಾಗುವುದಿಲ್ಲ. ನಡೆದ ಹೆಜ್ಜೆಯನ್ನು ಎಣಿಸುತ್ತದೆ, ಓಡಿದ ದೂರವನ್ನು ಅಳೆಯುತ್ತದೆ, ನಿದ್ರೆಯ ಲೆಕ್ಕವನ್ನೂ ಇಡುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಅದನ್ನು ಧರಿಸಿದವನ ಹೃದಯವು ನಿಮಿಷಕ್ಕೆ ಎಷ್ಟು ಬಾರಿ ಬಡಿಯುತ್ತಿದೆಯೆಂದು ಹೇಳುತ್ತದೆ.

ಹೇಳುವುದೇನೋ ಸರಿ; ಆದರೆ ಹೇಳಿದ್ದೆಲ್ಲ ನಿಜವೇ? ಮಣಿಕಟ್ಟಿನ ಮೇಲಿನ ಗಡಿಯಾರ ಸಾಕೇ, ಅಥವಾ ಎದೆಗೆ ಕಟ್ಟುವ ಪಟ್ಟಿಯನ್ನೂ ಕೊಳ್ಳಬೇಕೇ? ಮನೆಯಲ್ಲಿ ಯಾರಾದರೊಬ್ಬರು ಓಡಲು ಪ್ರಾರಂಭಿಸಿದರೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಏಳುವುದು ಸಹಜ.

ಎರೆಭೂಮಿಯ ಓಟಗಾರರು

ಓಟವು ಬೆಂಗಳೂರಿನ ಉದ್ಯಾನಗಳಿಗೆ ಮಾತ್ರ ಸೇರಿದ ಹವ್ಯಾಸವೆಂದು ಯಾರೂ ತಿಳಿಯಬಾರದು. ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ಅಂದೋಲಾ ಗ್ರಾಮವನ್ನೇ ನೆನೆಯಿರಿ. ಸುತ್ತಲೂ ಜೋಳ, ತೊಗರಿ ಬೆಳೆಯುವ ಕಪ್ಪು ಎರೆಭೂಮಿ. ಚೈತ್ರ ವೈಶಾಖಗಳಲ್ಲಿ 40 ಡಿಗ್ರಿಯನ್ನು ಮೀರುವ ಬಿಸಿಲು. ಜೇವರ್ಗಿ, ಆಳಂದ, ಅಫಜಲಪುರಗಳ ಇಂತಹ ಊರುಗಳಲ್ಲಿ ನಸುಕಿನಲ್ಲೆದ್ದು ಓಡುವ ಯುವಕ ಯುವತಿಯರಿಗೆ ಓಟವು ವಿನೋದವಲ್ಲ, ಉದ್ಯೋಗದ ಬಾಗಿಲು. ರಾಜ್ಯ ಪೊಲೀಸ್ ಕಾನ್‌ಸ್ಟೇಬಲ್ ನೇಮಕದ ದೇಹದಾರ್ಢ್ಯ ಪರೀಕ್ಷೆಯಲ್ಲಿ ಪುರುಷರು 1600 ಮೀಟರುಗಳನ್ನು 6 ನಿಮಿಷ 30 ಸೆಕೆಂಡುಗಳೊಳಗೆ, ಮಹಿಳೆಯರು 400 ಮೀಟರುಗಳನ್ನು 2 ನಿಮಿಷಗಳೊಳಗೆ ಓಡಿ ಮುಗಿಸಬೇಕೆಂಬ ನಿಯಮವಿದೆ. ಒಂದು ಸೆಕೆಂಡು ತಡವಾದರೆ ವರ್ಷಗಳ ಶ್ರಮವು ಮಣ್ಣುಪಾಲು.

ಇಂತಹ ಅಭ್ಯರ್ಥಿಯ ತಂದೆಗೆ ಮೊದಲು ಹೇಳಬೇಕಾದ ಮಾತು ಇದು: ಸಾಲ ಮಾಡಿ ದುಬಾರಿ ಗಡಿಯಾರ ಕೊಳ್ಳಬೇಡಿ. 400 ಮೀಟರಿನ ಪಥದಲ್ಲಿ 1600 ಮೀಟರೆಂದರೆ ನಾಲ್ಕು ಸುತ್ತು. 390 ಸೆಕೆಂಡುಗಳನ್ನು ನಾಲ್ಕರಿಂದ ಭಾಗಿಸಿದರೆ ಸುತ್ತೊಂದಕ್ಕೆ ತೊಂಬತ್ತೇಳೂವರೆ ಸೆಕೆಂಡು. ಮೊದಲ ಸುತ್ತನ್ನು 80 ಸೆಕೆಂಡಿನಲ್ಲಿ ಹಾರಿ ಓಡಿ ಕೊನೆಯ ಸುತ್ತಿನಲ್ಲಿ ಕುಸಿಯುವವನಿಗಿಂತ, ನಾಲ್ಕನ್ನೂ 95 ಸೆಕೆಂಡಿನಂತೆ ಸಮವಾಗಿ ಓಡುವವನು ಗೆಲ್ಲುತ್ತಾನೆ. ಈ ಲೆಕ್ಕಕ್ಕೆ ಬೇಕಾದುದು ಒಂದು ಸಾಧಾರಣ ಸ್ಟಾಪ್‌ವಾಚ್ ಮಾತ್ರ. ಅದು ಈಗ ಪ್ರತಿಯೊಂದು ಮೊಬೈಲಿನಲ್ಲಿಯೂ ಇದೆ. ಉಳಿದ ಹಣ ಒಳ್ಳೆಯ ಬೂಟಿಗೂ ಹಾಲು ಕಾಳುಗಳಿಗೂ ಸಲ್ಲಲಿ.

ಹೃದಯದ ಬಡಿತವನ್ನು ಅಳೆಯುವ ಗಡಿಯಾರದಿಂದ ನಿಜವಾದ ಪ್ರಯೋಜನವುಳ್ಳವರು ಬೇರೆ. ದಿನವೆಲ್ಲ ಕಚೇರಿಯಲ್ಲಿ ಕುಳಿತು ನಲವತ್ತರ ಗಡಿ ದಾಟಿದ ಮೇಲೆ ಓಟಕ್ಕಿಳಿದವರು ಕೆಲವರು. 2008ರಿಂದ ಬೆಂಗಳೂರಿನಲ್ಲಿ ನಡೆಯುತ್ತ ಬಂದಿರುವ 10 ಕಿಲೋಮೀಟರಿನ ಓಟದಂತಹ ಸ್ಪರ್ಧೆಗಳಿಗೆ ತಿಂಗಳುಗಟ್ಟಲೆ ಸಿದ್ಧರಾಗುವವರು ಮತ್ತೆ ಕೆಲವರು. ಎಷ್ಟು ವೇಗ ತಮ್ಮ ದೇಹಕ್ಕೆ ಹಿತ, ಎಷ್ಟು ಅತಿ ಎಂಬುದನ್ನು ಇವರು ತಿಳಿಯಬೇಕಾಗಿದೆ.

ನಾಡಿಯನ್ನು ಎಣಿಸಿದ ಗಡಿಯಾರಗಳು

ಮೂರು ಬೆರಳುಗಳನ್ನು ಮಣಿಕಟ್ಟಿನ ಮೇಲಿಟ್ಟು ವಾತ, ಪಿತ್ತ, ಕಫಗಳನ್ನು ಗುರುತಿಸುವ ನಾಡಿಪರೀಕ್ಷೆ ನಮ್ಮ ವೈದ್ಯರಿಗೆ ಹೊಸದಲ್ಲ. ಆದರೆ ನಾಡಿಯನ್ನು ಗಡಿಯಾರದೊಡನೆ ಎಣಿಸುವ ರೂಢಿಗೆ ಬಲ ಬಂದುದು 1707ರಲ್ಲಿ. ಆ ವರ್ಷ ಇಂಗ್ಲೆಂಡಿನ ವೈದ್ಯ ಸರ್ ಜಾನ್ ಫ್ಲಾಯರ್, ಸರಿಯಾಗಿ ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರವನ್ನು ನಾಡಿ ಎಣಿಸುವುದಕ್ಕೆಂದೇ ಪ್ರಚಾರಕ್ಕೆ ತಂದನು. ಮುಂದೆ ಹಾಲೆಂಡಿನ ಐಂತೋವನ್ ಎಂಬ ವಿಜ್ಞಾನಿ ಹೃದಯದ ವಿದ್ಯುತ್ ಸ್ಪಂದನವನ್ನು ದಾಖಲಿಸುವ ಸೂಕ್ಷ್ಮ ಯಂತ್ರವನ್ನು ನಿರ್ಮಿಸಿ, ಅದಕ್ಕಾಗಿ 1924ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಇಂದು ಆಸ್ಪತ್ರೆಗಳಲ್ಲಿ ತೆಗೆಯುವ ಇ.ಸಿ.ಜಿ. ಆ ಯಂತ್ರದ ಸಂತಾನವೇ.

ಆಸ್ಪತ್ರೆಯ ಈ ವಿದ್ಯೆಯನ್ನು ಆಟದ ಮೈದಾನಕ್ಕೆ ತಂದವರು ಫಿನ್‌ಲೆಂಡಿನವರು. ಹಿಮದ ಮೇಲೆ ಜಾರುವ ಕ್ರೀಡಾಪಟುಗಳ ತರಬೇತಿಗಾಗಿ ಅಲ್ಲಿನ ಪೋಲಾರ್ ಕಂಪೆನಿಯು, ಎದೆಯ ಪಟ್ಟಿಯಿಂದ ಮಣಿಕಟ್ಟಿನ ಗಡಿಯಾರಕ್ಕೆ ತಂತಿಯಿಲ್ಲದೆ ಸಂಜ್ಞೆ ಕಳುಹಿಸುವ ಸಾಧನವನ್ನು 1982ರಲ್ಲಿ ಹೊರತಂದಿತು. ಮಣಿಕಟ್ಟಿನಲ್ಲಿಯೇ ಬೆಳಕಿನಿಂದ ಬಡಿತವನ್ನು ಎಣಿಸುವ ಗಡಿಯಾರಗಳು ಮನೆಮಾತಾದುದು 2015ರ ಸುಮಾರಿಗೆ. ಹೀಗೆ ಎದೆಪಟ್ಟಿ ಅಣ್ಣ, ಮಣಿಕಟ್ಟಿನ ಗಡಿಯಾರ ತಮ್ಮ.

ಎರಡರ ಒಳಗುಟ್ಟು

ಎದೆಪಟ್ಟಿಯು ಹೃದಯದ ವಿದ್ಯುತ್ತನ್ನೇ ಕೇಳಿಸಿಕೊಳ್ಳುತ್ತದೆ. ಪ್ರತಿಯೊಂದು ಬಡಿತಕ್ಕೂ ಮುನ್ನ ಹೃದಯದ ಸ್ನಾಯುವಿನಲ್ಲಿ ಸಣ್ಣದೊಂದು ವಿದ್ಯುತ್ ಅಲೆ ಹರಿಯುತ್ತದೆ; ಪಟ್ಟಿಯ ಒಳಮೈಯಲ್ಲಿರುವ ಎರಡು ಗ್ರಾಹಕಗಳು ಅದನ್ನು ಚರ್ಮದ ಮೇಲಿನಿಂದಲೇ ಗ್ರಹಿಸಿ ಎಣಿಸುತ್ತವೆ. ಚರ್ಮವು ಒಣಗಿದ್ದರೆ ವಿದ್ಯುತ್ತು ಸರಿಯಾಗಿ ಹಾಯುವುದಿಲ್ಲ. ಆದುದರಿಂದ ಕಟ್ಟುವ ಮೊದಲು ಪಟ್ಟಿಯನ್ನು ನೀರಿನಿಂದ ತೇವ ಮಾಡಬೇಕು. ಬೆವರು ಸುರಿಯತೊಡಗಿದ ಮೇಲೆ ಆ ಚಿಂತೆಯಿಲ್ಲ.

ಮಣಿಕಟ್ಟಿನ ಗಡಿಯಾರದ ವಿಧಾನವೇ ಬೇರೆ. ಅದನ್ನು ಬಿಚ್ಚಿ ಬೆನ್ನು ನೋಡಿದರೆ ಪುಟ್ಟ ಹಸಿರು ದೀಪಗಳು ಮಿನುಗುವುದು ಕಾಣುತ್ತದೆ. ರಕ್ತವು ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಬಡಿತದೊಡನೆ ರಕ್ತನಾಳಗಳು ಉಬ್ಬಿದಾಗ ಹಿಂದಿರುಗುವ ಬೆಳಕು ಕಡಿಮೆ, ಇಳಿದಾಗ ಹೆಚ್ಚು. ಈ ಏರಿಳಿತವನ್ನು ಎಣಿಸಿ ಗಡಿಯಾರವು ಬಡಿತದ ಸಂಖ್ಯೆಯನ್ನು ಹೇಳುತ್ತದೆ. ಎದೆಪಟ್ಟಿ ಮೂಲದ ಮಾತನ್ನೇ ಕೇಳಿದರೆ, ಗಡಿಯಾರವು ಅದರ ನೆರಳನ್ನು ನೋಡಿ ಊಹಿಸುತ್ತದೆಯೆನ್ನಬಹುದು.

ಕುಳಿತಾಗ ಈ ಊಹೆಗೆ ಅಡ್ಡಿಯಿಲ್ಲ. ಓಡುವಾಗ ಕೈ ಬೀಸುತ್ತದೆ, ಗಡಿಯಾರ ಅಲುಗುತ್ತದೆ, ಹೊರಗಿನ ಬೆಳಕು ಒಳನುಗ್ಗುತ್ತದೆ. ಕೆಲವೊಮ್ಮೆ ಗಡಿಯಾರವು ಹೃದಯದ ಬಡಿತವನ್ನು ಬಿಟ್ಟು ಹೆಜ್ಜೆಯ ಬಡಿತವನ್ನೇ ಎಣಿಸತೊಡಗುವುದುಂಟು! ಓಟಗಾರನು ನಿಮಿಷಕ್ಕೆ 160ರಿಂದ 180 ಹೆಜ್ಜೆ ಹಾಕುವುದು ಸಾಮಾನ್ಯ. ನಿರಾಯಾಸವಾಗಿ ಮಾತನಾಡುತ್ತ ಓಡುತ್ತಿರುವಾಗ ಗಡಿಯಾರವು 172 ಎಂದು ತೋರಿಸಿದರೆ, ಹೃದಯದ ಮೇಲೆ ಸಂಶಯಪಡುವ ಮುನ್ನ ಗಡಿಯಾರದ ಮೇಲೆ ಸಂಶಯಪಡಬೇಕು. ಚಳಿಯಲ್ಲಿ ಚರ್ಮದ ರಕ್ತನಾಳಗಳು ಕುಗ್ಗುವುದರಿಂದ ಪುಷ್ಯಮಾಸದ ನಸುಕಿನಲ್ಲಿಯೂ ಅದು ತಡವರಿಸುತ್ತದೆ. ಮಣಿಕಟ್ಟಿನ ಮೇಲೆ ದಟ್ಟವಾದ ಹಚ್ಚೆಯಿದ್ದರೆ ಬೆಳಕು ಒಳಗೆ ಹೋಗುವುದೇ ಕಷ್ಟ.

ಪರೀಕ್ಷೆಗಳು ಹೇಳುವುದೇನು?

ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್ಕಿನ ವೈದ್ಯರು 50 ಮಂದಿಯನ್ನು ಓಡುವ ಯಂತ್ರದ ಮೇಲೆ ಪರೀಕ್ಷಿಸಿ, 2017ರಲ್ಲಿ ಅಚ್ಚಾದ ವರದಿಯಲ್ಲಿ ಒಂದು ಹೋಲಿಕೆಯನ್ನು ಕೊಟ್ಟರು. ಇ.ಸಿ.ಜಿ.ಯೊಡನೆ ಪೂರ್ಣ ಹೊಂದಾಣಿಕೆಯನ್ನು 1 ಎಂದಿಟ್ಟುಕೊಂಡರೆ, ಎದೆಪಟ್ಟಿಗೆ ದೊರೆತುದು 0.99, ನಾಲ್ಕು ಬಗೆಯ ಮಣಿಕಟ್ಟಿನ ಸಾಧನಗಳಿಗೆ 0.83ರಿಂದ 0.91. ಅಂದಿನಿಂದ ಗಡಿಯಾರಗಳು ಸಾಕಷ್ಟು ಸುಧಾರಿಸಿವೆ, ನಿಜ. ಆದರೂ 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು 53 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ, ವಿಶ್ರಾಂತಿಯಲ್ಲಿದ್ದಾಗಿನ ತಪ್ಪಿಗಿಂತ ಚಟುವಟಿಕೆಯಲ್ಲಿದ್ದಾಗಿನ ತಪ್ಪು ಸರಾಸರಿ ಶೇಕಡಾ 30ರಷ್ಟು ಹೆಚ್ಚೆಂದು ಕಂಡುಬಂದಿತು. ನಮ್ಮವರಿಗೆ ಸಮಾಧಾನ ತರುವ ಸಂಗತಿಯೊಂದು ಅದೇ ಅಧ್ಯಯನದಲ್ಲಿದೆ: ಚರ್ಮದ ಬಣ್ಣದಿಂದ ನಿಖರತೆಯಲ್ಲಿ ಗಣನೀಯ ವ್ಯತ್ಯಾಸ ಅವರಿಗೆ ಕಾಣಲಿಲ್ಲ, ಸಾಧನದಿಂದ ಸಾಧನಕ್ಕೆ ಮಾತ್ರ ವ್ಯತ್ಯಾಸವಿತ್ತು.

ಇನ್ನೊಂದು ಎಚ್ಚರಿಕೆ. ಓಟ ಮುಗಿದೊಡನೆ ಗಡಿಯಾರವು 'ಇಷ್ಟು ಕ್ಯಾಲೊರಿ ಕರಗಿತು' ಎಂದು ಬೆನ್ನು ತಟ್ಟುತ್ತದೆ. ಅದನ್ನು ನಂಬಿ ಹೋಳಿಗೆಗೆ ಕೈ ಚಾಚಬಾರದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಕ್ಯಾಲೊರಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ಉತ್ತಮವಾದುದು ಕೂಡ ಸರಾಸರಿ ಶೇಕಡಾ 27ರಷ್ಟು ತಪ್ಪಿತ್ತು. ಕಡೆಯದು ಶೇಕಡಾ 93ರಷ್ಟು!

ಯಾರಿಗೆ ಯಾವುದು?

ನಡೆಯುವವರಿಗೆ, ಸಮವೇಗದಲ್ಲಿ ಮೆಲ್ಲನೆ ಓಡುವವರಿಗೆ, ದಿನವಿಡೀ ವಿಶ್ರಾಂತಿಯ ಬಡಿತವನ್ನು ತಿಳಿಯಬಯಸುವವರಿಗೆ ಮಣಿಕಟ್ಟಿನ ಗಡಿಯಾರವೇ ಸಾಕು. ಎದೆಗೆ ಪಟ್ಟಿ ಬಿಗಿಯುವ ಕಿರಿಕಿರಿಯಿಲ್ಲ, ಪ್ರತಿದಿನ ಒಗೆಯುವ ತಾಪತ್ರಯವಿಲ್ಲ.

ವೇಗವಾಗಿ ಓಡಿ, ನಿಂತು, ಮತ್ತೆ ವೇಗವಾಗಿ ಓಡುವ ಅಭ್ಯಾಸ ಮಾಡುವವರಿಗೆ ಎದೆಪಟ್ಟಿಯೇ ಮೇಲು. ಬಡಿತವು ಥಟ್ಟನೆ ಏರಿ ಇಳಿಯುವಾಗ ಮಣಿಕಟ್ಟಿನ ಗಡಿಯಾರವು ಹಿಂದೆ ಬೀಳುತ್ತದೆ. ಅದು ಏರಿಕೆಯನ್ನು ತೋರಿಸುವಷ್ಟರಲ್ಲಿ ಓಟವೇ ಮುಗಿದಿರುತ್ತದೆ. ಭಾರ ಎತ್ತುವವರಿಗೂ ಸೈಕಲ್ ತುಳಿಯುವವರಿಗೂ ಇದೇ ಸಲಹೆ, ಏಕೆಂದರೆ ಮುಷ್ಟಿ ಬಿಗಿದಾಗ ಮಣಿಕಟ್ಟಿನ ರಕ್ತಸಂಚಾರವು ವ್ಯತ್ಯಾಸಗೊಳ್ಳುತ್ತದೆ. ಪೇಸ್‌ಮೇಕರ್ ಅಳವಡಿಸಿಕೊಂಡಿರುವವರು ಮಾತ್ರ ವೈದ್ಯರನ್ನು ಕೇಳದೆ ಎದೆಪಟ್ಟಿಯನ್ನು ಕಟ್ಟಬಾರದು.

ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ಕಟ್ಟುಪಾಡೇನೂ ಇಲ್ಲ. ಓಟಗಾರರಿಗಾಗಿಯೇ ತಯಾರಾದ ಗಡಿಯಾರಗಳಲ್ಲಿ ಹೆಚ್ಚಿನವು ಮಣಿಕಟ್ಟಿನ ದೀಪವನ್ನೂ ಹೊಂದಿರುತ್ತವೆ, ಬೇರೆ ಎದೆಪಟ್ಟಿಯ ಸಂಜ್ಞೆಯನ್ನೂ ಸ್ವೀಕರಿಸುತ್ತವೆ. ಅಗ್ಗದ ಸ್ಮಾರ್ಟ್ ವಾಚುಗಳಲ್ಲಿ ಅನೇಕಕ್ಕೆ ಈ ಶಕ್ತಿಯಿಲ್ಲ. ಆದುದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ. 'ಇದಕ್ಕೆ ಬ್ಲೂಟೂತಿನ ಎದೆಪಟ್ಟಿ ಹೊಂದಿಕೊಳ್ಳುತ್ತದೆಯೇ?' ಎಂಬುದು. ಹೌದೆಂದರೆ ಇಂದು ಗಡಿಯಾರವನ್ನು ಕೊಂಡು, ಅಗತ್ಯ ಕಂಡಾಗ ಪಟ್ಟಿಯನ್ನು ಕೊಳ್ಳಬಹುದು. ಎರಡನೆಯ ಪ್ರಶ್ನೆ ಜಿ.ಪಿ.ಎಸ್. ಗಡಿಯಾರದಲ್ಲಿಯೇ ಇದೆಯೇ, ಅಥವಾ ಮೊಬೈಲನ್ನೂ ಹೊತ್ತು ಓಡಬೇಕೇ ಎಂಬುದು. ಮೂರನೆಯದು, ಕೆಟ್ಟರೆ ಸರಿಪಡಿಸಿಕೊಡುವವರು ಹತ್ತಿರದ ಪಟ್ಟಣದಲ್ಲಿ ಇದ್ದಾರೆಯೇ ಎಂಬುದು.

ಕೊಂಡ ಮೇಲೆ ಗಡಿಯಾರವನ್ನು ಮಣಿಕಟ್ಟಿನ ಮೂಳೆಯಿಂದ ಒಂದೆರಡು ಬೆರಳು ಮೇಲಕ್ಕೆ, ಜಾರದಷ್ಟು ಬಿಗಿಯಾಗಿ ಕಟ್ಟಿರಿ. ಓಟಕ್ಕೆ ಮುನ್ನ ಕೆಲವು ನಿಮಿಷ ನಡೆದು ಮೈ ಬಿಸಿ ಮಾಡಿಕೊಳ್ಳಿರಿ. ಎದೆಪಟ್ಟಿಯಾದರೆ ಓಟದ ನಂತರ ಬೆವರಿನ ಉಪ್ಪು ಹೋಗುವಂತೆ ತೊಳೆದು ನೆರಳಿನಲ್ಲಿ ಒಣಗಿಸಿರಿ. ಇವೆರಡರ ಸಾಕ್ಷ್ಯವನ್ನೂ ಪರೀಕ್ಷಿಸುವ ಹಳೆಯ ಉಪಾಯವೊಂದು ಎಲ್ಲರಲ್ಲಿಯೂ ಇದೆ: ನಿಂತೊಡನೆ ಕತ್ತಿನ ಪಕ್ಕದ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿರಿ. ಬೆರಳಿನ ಲೆಕ್ಕಕ್ಕೂ ಗಡಿಯಾರದ ಲೆಕ್ಕಕ್ಕೂ ಅಜಗಜಾಂತರವಿದ್ದರೆ ಬೆರಳನ್ನೇ ನಂಬಿರಿ.

ಅಂಕಿಯ ಅರ್ಥ

'220ರಿಂದ ವಯಸ್ಸನ್ನು ಕಳೆದರೆ ಬಂದುದೇ ಹೃದಯದ ಗರಿಷ್ಠ ಬಡಿತ' ಎಂಬ ಸೂತ್ರ ಬಹು ಪ್ರಸಿದ್ಧ. 2001ರಲ್ಲಿ ತನಾಕಾ ಮತ್ತು ಸಂಗಡಿಗರು ಅದನ್ನು ತಿದ್ದಿ, ವಯಸ್ಸಿನ ಹತ್ತನೆಯ ಏಳು ಭಾಗವನ್ನು 208ರಿಂದ ಕಳೆಯಬೇಕೆಂದರು. 60 ವರ್ಷದವರಿಗೆ ಹಳೆಯ ಸೂತ್ರದಿಂದ 160, ಹೊಸದರಿಂದ 166. ಯಾವುದೇ ಆಗಲಿ, ಇದು ಸರಾಸರಿ. ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಹನ್ನೆರಡು ಬಡಿತಗಳ ಅಂತರ ಸಾಮಾನ್ಯ. ರಕ್ತದೊತ್ತಡಕ್ಕಾಗಿ ಬೀಟಾ ಬ್ಲಾಕರ್ ಜಾತಿಯ ಮಾತ್ರೆ ನುಂಗುವವರ ಬಡಿತವು ಔಷಧದಿಂದಲೇ ತಗ್ಗಿರುವುದರಿಂದ ಅವರಿಗೆ ಈ ಸೂತ್ರಗಳು ಸಲ್ಲವು.

ಬಿಸಿಲಿನ ವಿಚಾರವನ್ನೂ ಮರೆಯಬಾರದು. ಮೈಯನ್ನು ತಂಪಾಗಿಡಲು ರಕ್ತವು ಚರ್ಮದತ್ತ ಹರಿಯುತ್ತದೆ, ಬೆವರಿನಿಂದ ನೀರಿನಂಶ ಇಳಿಯುತ್ತದೆ. ಹೃದಯವು ಹೆಚ್ಚು ಬಾರಿ ಬಡಿಯಬೇಕಾಗುತ್ತದೆ. ಆದುದರಿಂದ ಮಾಘಮಾಸದಲ್ಲಿ ಹಿತವಾಗಿದ್ದ ವೇಗವೇ ವೈಶಾಖದ ಕಲಬುರಗಿಯಲ್ಲಿ ಅಪಾಯದ ವೇಗವಾದೀತು. ಆಗ ವೇಗವನ್ನು ತಗ್ಗಿಸಿ ಬಡಿತವನ್ನು ಹಿಂದಿನಂತೆ ಉಳಿಸಿಕೊಳ್ಳುವುದೇ ಜಾಣತನ. ಈ ಗಡಿಯಾರದ ನಿಜವಾದ ಉಪಕಾರ ಇಲ್ಲಿದೆ. ಅದು ಓಟಗಾರನ ಅಹಂಕಾರಕ್ಕೆ ಲಗಾಮು.

ಗಡಿಯಾರ ಕಾಣದುದು

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಕನ್ನಡನಾಡೇ ದಿಗ್ಭ್ರಮೆಗೊಂಡಿತು. ನಿತ್ಯವೂ ವ್ಯಾಯಾಮ ಮಾಡುತ್ತಿದ್ದವರಿಗೇ ಹೀಗಾದರೆ ನಮ್ಮ ಗತಿಯೇನೆಂದು ಅಂಜಿ ಜನರು ಹೃದಯ ತಪಾಸಣೆಗೆ ಆಸ್ಪತ್ರೆಗಳಲ್ಲಿ ಸಾಲುಗಟ್ಟಿದರು. ಆ ಅಂಜಿಕೆಯಲ್ಲಿ ಗಡಿಯಾರವನ್ನು ರಕ್ಷೆಯ ತಾಯಿತವೆಂದು ಭಾವಿಸಿದವರೂ ಇಲ್ಲದಿಲ್ಲ. ಗಡಿಯಾರವು ಬಡಿತವನ್ನು ಎಣಿಸೀತು. ರಕ್ತನಾಳದೊಳಗೆ ಕೊಬ್ಬು ಕಟ್ಟಿರುವುದನ್ನು ಅದು ಕಾಣಲಾರದು. ಕೆಲವು ಗಡಿಯಾರಗಳಲ್ಲಿರುವ ಇ.ಸಿ.ಜಿ. ಕೂಡ ಬಡಿತದ ಒಂದು ಬಗೆಯ ಅಕ್ರಮವನ್ನು ಸೂಚಿಸಬಲ್ಲುದೇ ಹೊರತು ಹೃದಯಾಘಾತವನ್ನು ಪತ್ತೆಮಾಡಲಾರದು.

ಆದುದರಿಂದ ನಲವತ್ತು ದಾಟಿ ಓಟಕ್ಕಿಳಿಯುವವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡವುಳ್ಳವರು, ತಂದೆ ತಾಯಿಯರಲ್ಲಿ ಹೃದ್ರೋಗವಿದ್ದವರು ಗಡಿಯಾರದ ಅಂಗಡಿಗೆ ಮುನ್ನ ವೈದ್ಯರ ಮನೆಗೆ ಹೋಗತಕ್ಕುದು. ಅದಕ್ಕಾಗಿ ಬೆಂಗಳೂರಿನ ರೈಲು ಹತ್ತಬೇಕಾದ ಕಾಲ ಹೋಯಿತು. ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆಯು 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿಯೇ ಉದ್ಘಾಟನೆಗೊಂಡಿದೆ. ಓಡುವಾಗ ಎದೆಯಲ್ಲಿ ಬಿಗಿತ, ಎಡತೋಳಿಗೆ ಅಥವಾ ದವಡೆಗೆ ಹರಡುವ ನೋವು, ಕಣ್ಣುಕತ್ತಲೆ ಬಂದರೆ ಗಡಿಯಾರದ ಅಂಕಿ ಎಷ್ಟೇ ಸೌಮ್ಯವಾಗಿರಲಿ, ಒಡನೆ ನಿಂತು ಸಹಾಯ ಕೋರಬೇಕು.

ಮಣಿಕಟ್ಟಿನದಾಗಲಿ ಎದೆಯದಾಗಲಿ, ಸಾಧನವು ಸೇವಕನೇ ಸರಿ. ಸೇವಕನ ವರದಿಯನ್ನು ಕೇಳೋಣ. ಆದರೆ ಒಡೆಯನಾದ ದೇಹವು ತಾನೇ ಮಾತನಾಡಿದಾಗ ಮೊದಲು ಅದಕ್ಕೆ ಕಿವಿಗೊಡೋಣ.