ಗ್ರಂಥಕರ್ತರ ಸ್ವಹಸ್ತಲಿಖಿತ ಪತ್ರಗಳು

ಪತ್ರವು ಉಳಿಯುವುದು ಬರೆದವನಲ್ಲಲ್ಲ, ಪಡೆದವನಲ್ಲಿ. ಸಂಗ್ರಾಹಕರಿಗೆ ಇದೇ ಮೂಲಸೂತ್ರವು. ಆಂಗ್ಲ ಕಾದಂಬರಿಕಾರನಾದ ಚಾರ್ಲ್ಸ್ ಡಿಕನ್ಸನು, ೨೦ ವರ್ಷಗಳಿಂದ ತನಗೆ ಬಂದಿದ್ದ ಕಾಗದಗಳನ್ನು ೧೮೬೦ನೆಯ ಸೆಪ್ಟೆಂಬರಿನಲ್ಲಿ ಗ್ಯಾಡ್ಸ್ ಹಿಲ್ಲಿನ ತನ್ನ ಮನೆಯ ಬಳಿ ಸುಟ್ಟುಬಿಟ್ಟನು. ತಾನು ಬರೆದವಾದರೋ ಅವನ ಕೈಗೆ ಸಿಕ್ಕುವಂತಿರಲಿಲ್ಲ. ಅವು ಪಡೆದವರ ಮನೆಗಳಲ್ಲುಳಿದು, ೧೪,೦೦೦ಕ್ಕೆ ಮೇಲ್ಪಟ್ಟ ಸಂಖ್ಯೆಯಲ್ಲಿ, ೧೯೬೫ರಿಂದ ೨೦೦೨ರವರೆಗೆ ೧೨ ಸಂಪುಟಗಳಾಗಿ ಅಚ್ಚಾದುವು. ಆದುದರಿಂದ ನಮಗೆ ದೊರೆತುದು ಸಂವಾದದ ಒಂದು ಪಕ್ಷವೇ, ಉತ್ತರವುಂಟು, ಪ್ರಶ್ನೆಯಿಲ್ಲ.

ಷಾರ್ಲಟ್ ಬ್ರಾಂಟಿಯು ಬ್ರಸೆಲ್ಸಿನ ತನ್ನ ಗುರು ಹೇಗರನಿಗೆ ಬರೆದ ಪತ್ರಗಳಲ್ಲಿ ಉಳಿದಿರುವುವು ನಾಲ್ಕು. ಮೂರು ಹರಿಯಲ್ಪಟ್ಟು ಮರಳಿ ಜೋಡಿಸಲ್ಪಟ್ಟವು. ಅವನ್ನು ಹೇಗರನ ಮಕ್ಕಳು ೧೯೧೩ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿದರು. ಅಚ್ಚಿನಲ್ಲಿ ಆ ಮಾತುಗಳು ದೊರೆಯುವುವು. ಆ ಹರಕೂ ಜೋಡಣೆಯೂ ಮೂಲದಲ್ಲಲ್ಲದೆ ಕಾಣವು. ಪ್ರತಿಯಿದ್ದರೂ ಮೂಲವನ್ನು ರಕ್ಷಿಸತಕ್ಕುದೆಂಬುದಕ್ಕೆ ಇದಕ್ಕಿಂತ ಪ್ರಮಾಣವೇಕೆ?