ನಮಗೊಂದು ಪುರಾಣ ಬರೆದುಕೊಡಿ

ಭಾನುವಾರದ ಸಂಜೆ ಪ್ರಾರ್ಥನೆಯ ಹೊತ್ತು. ಗೋವೆಯ ಸಾಸಷ್ಟಿ ಸೀಮೆಯ ಚರ್ಚೊಂದರಲ್ಲಿ ಮಕ್ಕಳಿಗೆ ಧರ್ಮೋಪದೇಶ ನಡೆದಿದೆ. ಕೇಳುತ್ತ ಕುಳಿತಿದ್ದ ಬ್ರಾಹ್ಮಣನೊಬ್ಬ ಎದ್ದು ನಿಲ್ಲುತ್ತಾನೆ. ನಮ್ಮ ಹಳೆಯ ಪುರಾಣಗಳನ್ನು ಓದಬಾರದೆಂದು ತಡೆದಿದ್ದೀರಿ. ಹಾಗಿದ್ದಮೇಲೆ ಅವುಗಳಂಥದ್ದೇ ಬೇರೆ ಪುರಾಣವನ್ನು ನಮಗೇಕೆ ಮಾಡಿಕೊಡಬಾರದು ಎಂದು ಪಾದ್ರಿಯನ್ನು ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರವಾಗಿ ಪಾದ್ರಿ ಕಥೆ ಹೇಳಲು ತೊಡಗುತ್ತಾನೆ. ಜಗತ್ತಿನ ಸೃಷ್ಟಿಯಿಂದ ಹೊರಟ ಆ ಕಥೆ ಯೇಸುವಿನ ಸ್ವರ್ಗಾರೋಹಣದವರೆಗೆ ಓವಿ ಎಂಬ ಮರಾಠಿ ಛಂದಸ್ಸಿನ 10,962 ಪದ್ಯಗಳಲ್ಲಿ ಹರಿಯುತ್ತದೆ.

ಇದು ಥಾಮಸ್ ಸ್ಟೀಫನ್ಸ್ ಬರೆದ ‘ಕ್ರಿಸ್ತಪುರಾಣ’ದ ಆರಂಭ. ಈ ಪುಸ್ತಕದ ಬಗ್ಗೆ ಬರೆಯುವವರೆಲ್ಲ ಒಬ್ಬ ಇಂಗ್ಲಿಷಿನವನು 17ನೆಯ ಶತಮಾನದಲ್ಲೇ ಮರಾಠಿಯಲ್ಲಿ ಮಹಾಕಾವ್ಯ ಬರೆದನಲ್ಲ ಎಂಬ ಬೆರಗಿನಿಂದ ಶುರುಮಾಡುತ್ತಾರೆ. ಬೆರಗು ನ್ಯಾಯವಾದದ್ದೇ. ನನ್ನನ್ನು ಹೆಚ್ಚು ಹಿಡಿದಿಡುವುದು ಮಾತ್ರ ಎದ್ದು ನಿಂತು ಕೇಳಿದ ಆ ಹೆಸರಿಲ್ಲದ ಮನುಷ್ಯ. ಅವನು ನಿಜವಾಗಿ ಇದ್ದನೋ, ಕವಿ ಕಟ್ಟಿದ ಪಾತ್ರವೋ, ಅವನ ಹಸಿವಂತೂ ನಿಜವಾದದ್ದು. ಓದುವ ಪುಸ್ತಕ ಕೈಯಿಂದ ಹೋದ ಜನ ಇನ್ನೊಂದು ಪುಸ್ತಕ ಬೇಡಿದರು. ಅದು ಸಿಕ್ಕಿದ ಮೇಲೆ ಅಚ್ಚುಕೂಟ ಕೈಬಿಟ್ಟರೂ ತಾವೇ ಬರೆದು ಬರೆದು ಉಳಿಸಿಕೊಂಡರು. ಕ್ರಿಸ್ತಪುರಾಣ ಹುಟ್ಟಿದ್ದೂ ಉಳಿದದ್ದೂ ಕೇಳುಗರಿಂದಲೇ.

ಕೈಯಿಂದ ಹೋದದ್ದೇನು ಎಂಬುದನ್ನು ಮೊದಲು ಹೇಳಬೇಕು. ಗೋವೆಯಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ 1560ರಲ್ಲಿ ಬಂತು. 1567ರ ಸುಮಾರಿಗೆ ಸಾಸಷ್ಟಿಯೊಂದರಲ್ಲೇ ನೂರಾರು ದೇವಸ್ಥಾನಗಳನ್ನು ಪೋರ್ಚುಗೀಸರು ಕೆಡವಿದರು. ಕುಶಸ್ಥಳಿಯ ಮಂಗೇಶ, ಕೇಳೋಶಿಯ ಶಾಂತಾದುರ್ಗೆ ಹೊಳೆಯಾಚೆಯ ನೆಲಕ್ಕೆ ಹೋದದ್ದು ಈ ಕಾಲದಲ್ಲಿ. ಅವರನ್ನು ಕುಲದೇವರೆಂದು ನಡೆದುಕೊಳ್ಳುವ ಮನೆತನಗಳು ನಮ್ಮ ಕರಾವಳಿಯ ಊರೂರಿನಲ್ಲೂ ಇವೆ. ಗುಡಿಗಳ ಜೊತೆಗೆ ಗುಡಿಯ ಜಗಲಿಯಲ್ಲಿ ನಡೆಯುತ್ತಿದ್ದ ಪುರಾಣ ವಾಚನವೂ ನಿಂತಿತು. ಗ್ರಂಥಗಳನ್ನು ಕಿತ್ತುಕೊಂಡು ಸುಟ್ಟರು. ಜೆಸ್ಯೂಟ್ ಪಾದ್ರಿಗಳು ಮಾತ್ರ ಕೆಲವನ್ನು ತಮ್ಮ ಅಭ್ಯಾಸಕ್ಕೆಂದು ರೋಮನ್ ಲಿಪಿಯಲ್ಲಿ ನಕಲು ಮಾಡಿಸಿ ಇಟ್ಟುಕೊಂಡರು. ರಾಮಾಯಣ, ಮಹಾಭಾರತದ ಕಥೆಗಳಿರುವ ಅಂಥ ಕೊಂಕಣಿ ಮತ್ತು ಮರಾಠಿ ಪ್ರತಿಗಳು ಇಂದಿಗೂ ಪೋರ್ಚುಗಲ್‌ನ ಬ್ರಾಗಾ ಊರಿನ ಗ್ರಂಥಾಲಯದಲ್ಲಿವೆ. ಜನರಿಗೆ ನಿಷೇಧವಾಗಿದ್ದ ಓದು ಪಾದ್ರಿಗಳ ಮೇಜಿನ ಮೇಲೆ ಪಾಠವಾಗಿತ್ತು. ಈ ಅನ್ಯಾಯವನ್ನು ಮರೆತು ಕ್ರಿಸ್ತಪುರಾಣವನ್ನು ಹೊಗಳುವುದು ಸರಿಯಲ್ಲ.

ಇಂಥ ಗೋವೆಗೆ 1579ರ ಅಕ್ಟೋಬರ್ 24ರಂದು ಸ್ಟೀಫನ್ಸ್ ಬಂದಿಳಿದ. ಇಂಗ್ಲೆಂಡಿನ ವಿಲ್ಟ್‌ಷೈರ್‌ನಲ್ಲಿ 1549ರ ಸುಮಾರಿಗೆ ಹುಟ್ಟಿದವನು. ಕ್ಯಾಥೊಲಿಕರಿಗೆ ಕಷ್ಟಕಾಲವಾಗಿದ್ದ ಎಲಿಜಬೆತ್ ರಾಣಿಯ ನಾಡನ್ನು ಬಿಟ್ಟು, 1575ರಲ್ಲಿ ರೋಮ್‌ನಲ್ಲಿ ಜೆಸ್ಯೂಟರ ಯೇಸುಸಭೆ ಸೇರಿ, ಲಿಸ್ಬನ್ನಿನಿಂದ ಏಪ್ರಿಲ್‌ನಲ್ಲಿ ಹಡಗು ಹತ್ತಿದ್ದ. ಇಳಿದ ಮೂರು ವಾರದೊಳಗೆ ತಂದೆಗೆ ಬರೆದ ಪತ್ರದಲ್ಲಿ ಸಮುದ್ರಯಾನದ ವಿವರಗಳೇ ತುಂಬಿವೆ; ಅದು ಮುಂದೆ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಭಾರತದಲ್ಲಿ ನೆಲೆ ನಿಂತ, ದಾಖಲೆಯಿರುವ ಮೊದಲ ಇಂಗ್ಲಿಷಿನವನು ಇವನೇ. ಆಮೇಲೆ ಊರಿಗೆ ಮರಳಲಿಲ್ಲ. ಸುಮಾರು 40 ವರ್ಷ, ಹೆಚ್ಚಾಗಿ ಸಾಸಷ್ಟಿಯ ಹಳ್ಳಿಗಳಲ್ಲಿ ಕಳೆದು 1619ರಲ್ಲಿ ಗೋವೆಯಲ್ಲೇ ತೀರಿಕೊಂಡ.

ಆ ಹಳ್ಳಿಗಳು ಶಾಂತವಾಗಿರಲಿಲ್ಲ. 1583ರ ಜುಲೈಯಲ್ಲಿ ಕುಂಕಳ್ಳಿಯ ಜನ ತಮ್ಮ ದೇವಸ್ಥಾನಗಳ ನಾಶಕ್ಕೆ ಕೆರಳಿ ಐವರು ಜೆಸ್ಯೂಟರನ್ನು ಕೊಂದರು. ಸತ್ತವರಲ್ಲಿ ಒಬ್ಬ ರುಡಾಲ್ಫ್ ಅಕ್ವಾವಿವಾ, ಅಕ್ಬರನ ಆಸ್ಥಾನದಲ್ಲಿದ್ದು ಆಗಷ್ಟೇ ಗೋವೆಗೆ ಮರಳಿದ್ದವನು. ಅದಕ್ಕೆ ಪ್ರತಿಯಾಗಿ ಪೋರ್ಚುಗೀಸರು ಊರಿನ ಮುಖಂಡರನ್ನು ಮಾತುಕತೆಗೆಂದು ಅಸೊಳ್ಣೆಯ ಕೋಟೆಗೆ ಕರೆಸಿ ಕೊಂದುಹಾಕಿದರು. ಅದೇ ವರ್ಷ ಸೋದರನಿಗೆ ಬರೆದ ಪತ್ರದಲ್ಲಿ ಸ್ಟೀಫನ್ಸ್ ಪಾದ್ರಿಗಳ ಸಾವಿನ ಸುದ್ದಿ ಹೇಳುತ್ತಾನೆ. ಅಷ್ಟೇ ಅಲ್ಲ, ಇಲ್ಲಿಯ ಭಾಷೆಗಳ ಉಚ್ಚಾರ ಹಿತವಾಗಿದೆ, ಅವುಗಳ ರಚನೆ ಗ್ರೀಕ್ ಮತ್ತು ಲ್ಯಾಟಿನ್ನನ್ನು ಹೋಲುತ್ತದೆ ಎಂದೂ ಬರೆಯುತ್ತಾನೆ. ವಿಲಿಯಂ ಜೋನ್ಸ್ ಸಂಸ್ಕೃತದ ಬಗ್ಗೆ ಇಂಥದೇ ಮಾತನ್ನು ಹೇಳಿ ಹೆಸರಾದದ್ದು 1786ರಲ್ಲಿ. ಅಷ್ಟು ರಕ್ತ ಹರಿದ ವರ್ಷದಲ್ಲೂ ಸ್ಟೀಫನ್ಸ್‌ನ ಕಿವಿ ಜನರ ಮಾತಿನ ಮೇಲಿತ್ತು. ಪುರಾಣ ಬರೆಯಲು ಬೇಕಾದ ಕಿವಿ ಅದೇ.

ಸ್ಟೀಫನ್ಸ್ ಮಾಡಿದ್ದು ಮೂರು ದೊಡ್ಡ ಕೆಲಸ. ಕೊಂಕಣಿಯಲ್ಲಿ ಪ್ರಶ್ನೋತ್ತರದ ರೂಪದ ಧರ್ಮೋಪದೇಶದ ಪುಸ್ತಕ ಬರೆದ. ಅದು 1622ರಲ್ಲಿ, ಅವನು ತೀರಿಕೊಂಡ ಮೇಲೆ ಅಚ್ಚಾಯಿತು. ಕೊಂಕಣಿಯ ವ್ಯಾಕರಣ ಬರೆದ. ಡಿಯೊಗೊ ರಿಬೇರೊ ಎಂಬ ಪಾದ್ರಿ ಬೆಳೆಸಿದ ಮೇಲೆ ಅದು 1640ರಲ್ಲಿ ಹೊರಬಂತು. ಪುರಾಣವನ್ನು ಮಾತ್ರ ಮರಾಠಿಯಲ್ಲಿ ಬರೆದ. ಆಗಿನ ಗೋವೆಯಲ್ಲಿ ಮನೆಮಾತು ಕೊಂಕಣಿಯಾದರೂ ಕಾವ್ಯ, ಪುರಾಣ, ಕೀರ್ತನೆಗಳಿಗೆ ಮರಾಠಿ. ಓದು ಬಲ್ಲವರಿಗೆ ಪುರಾಣವೆಂದರೆ ಮರಾಠಿಯದೇ ನಡೆ. ಎಲ್ಲರಿಗೂ ಸುಲಭವಾಗಲೆಂದು ನಡುನಡುವೆ ಕೊಂಕಣಿ ಮಾತುಗಳನ್ನು ಬೆರೆಸಿದ್ದೇನೆಂದು ಅವನೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ.

ಛಂದಸ್ಸಿನ ಆಯ್ಕೆಯಲ್ಲೇ ಅವನ ಜಾಣತನವಿದೆ. ಜ್ಞಾನೇಶ್ವರಿಯ ಓವಿ, ಏಕನಾಥನ ಓವಿ. ಏಕನಾಥ 1599ರಲ್ಲಿ ತೀರಿಕೊಂಡವನು, ಸ್ಟೀಫನ್ಸ್‌ನ ಹಿರಿಯ ಸಮಕಾಲೀನ. ಪ್ರಾಸವಿರುವ ಮೂರು ಸಾಲು, ಆಮೇಲೆ ತುಂಡಾಗಿ ನಿಲ್ಲುವ ನಾಲ್ಕನೆಯ ಸಾಲು. ಓದುವವರಿಗೆ ಅಲ್ಲಿ ಉಸಿರೆಳೆದುಕೊಳ್ಳಲು ಜಾಗ, ಕೇಳುವವರಿಗೆ ತಲೆದೂಗಲು ಜಾಗ. ಗದುಗಿನ ಭಾರತವನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಭಾಮಿನಿಯ ನಡೆ ಕಿವಿಗೆ ಬಿದ್ದರೆ ಅರ್ಥ ತಿಳಿಯುವ ಮೊದಲೇ ಮನಸ್ಸು ಕೇಳಲು ಸಿದ್ಧವಾಗಿರುತ್ತದೆ. ಪುರಾಣದ ಉಳಿದ ಸಂಪ್ರದಾಯಗಳೂ ಇಲ್ಲಿವೆ. ಮೊದಲಿಗೆ ಸ್ತುತಿ, ಗಣಪತಿ ಶಾರದೆಯರ ಜಾಗದಲ್ಲಿ ಪಿತ, ಸುತ, ಪವಿತ್ರಾತ್ಮ, ಮರಿಯಮ್ಮ, ದೇವದೂತರು, ಸಂತರು. ಮರಾಠಿಯ ಹೊಗಳಿಕೆಗೇ ಕೆಲವು ಓವಿಗಳು ಮೀಸಲು. ಮಹಾರಾಷ್ಟ್ರದಲ್ಲಿ ಇಂದಿಗೂ ಆ ಭಾಗವನ್ನು ಅಭಿಮಾನದಿಂದ ಹೇಳುತ್ತಾರೆ. ದೇವರಿಗೆ ಪರಮೇಶ್ವರ, ಸ್ವರ್ಗಕ್ಕೆ ವೈಕುಂಠ, ಉಪದೇಶಿಸುವವನಿಗೆ ಪಾದ್ರಿ-ಗುರು. ಕಥೆಯ ಮಧ್ಯೆ ಕೇಳುಗರು ಎದ್ದು ಸಂದೇಹ ಕೇಳುತ್ತಾರೆ, ಪಾದ್ರಿ ಬಿಡಿಸಿ ಹೇಳುತ್ತಾನೆ. ಜನಮೇಜಯ ಕೇಳಿ ವೈಶಂಪಾಯನ ಹೇಳುವ ಹಾಗೆಯೇ.

ಇಡೀ ಕೃತಿ ಎರಡು ಭಾಗ. ಮೊದಲ ಪುರಾಣದಲ್ಲಿ 36 ಅಧ್ಯಾಯ, 4,296 ಓವಿ; ಸೃಷ್ಟಿ, ಆದಾಮ, ನೋಹ, ಅಬ್ರಹಾಮ, ಮೋಶೆ, ದಾವೀದರ ಮೂಲಕ ರಕ್ಷಕನಿಗಾಗಿ ಕಾದ ಕಾಲದ ಕಥೆ. ಎರಡನೆಯದರಲ್ಲಿ 59 ಅಧ್ಯಾಯ, 6,666 ಓವಿ, ಯೇಸುವಿನ ಜೀವನ. ಬೈಬಲಿನ ಪದಪದಾನುವಾದ ಅಲ್ಲ ಇದು. ಆಗ ಜನಭಾಷೆಯಲ್ಲಿ ಬೈಬಲ್ ಕೊಡುವ ಪದ್ಧತಿ ಕ್ಯಾಥೊಲಿಕ್ ಸಭೆಯಲ್ಲಿ ಇರಲಿಲ್ಲ. ಆದ್ದರಿಂದ ಸಾಸಷ್ಟಿಯ ರೈತನೊಬ್ಬನಿಗೆ ಯೇಸುವಿನ ಕಥೆ ತನ್ನ ನಾಡಿನ ಮಾತಿನಲ್ಲಿ, ಆರಂಭದಿಂದ ಕೊನೆಯವರೆಗೆ ಕಿವಿಗೆ ಬಿದ್ದದ್ದು ಈ ಪುರಾಣದಿಂದ. ಭಾನುವಾರ ಮತ್ತು ಹಬ್ಬದ ದಿನ ಚರ್ಚಿನಲ್ಲಿ ಇದನ್ನು ಓದುವ ರೂಢಿ ಬೆಳೆಯಿತು. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಯೇಸುವಿನ ಪಾಡಿನ ಅಧ್ಯಾಯಗಳಿಗೆ ಹೆಚ್ಚು ಬೇಡಿಕೆ.

ಅಚ್ಚಿನ ಕಥೆ ಬೇರೆಯೇ. ಭಾರತದ ಮೊದಲ ಅಚ್ಚಿನ ಯಂತ್ರ 1556ರಲ್ಲಿ ಗೋವೆಯಲ್ಲೇ ಇಳಿದಿತ್ತು. ಆದರೆ ನಾಡಿನ ಲಿಪಿಯ ಮೊಳೆಗಳು ಇರಲಿಲ್ಲ. ಸ್ಟೀಫನ್ಸ್ 1608ರಲ್ಲಿ ರೋಮ್‌ನಲ್ಲಿದ್ದ ತನ್ನ ಸಂಘದ ಮುಖ್ಯಸ್ಥನಿಗೆ ಬರೆದು, ಈ ನಾಡಿನ ಭಾಷೆಯಲ್ಲಿ, ಈ ನಾಡಿನ ಅಕ್ಷರದಲ್ಲೇ ಪುಸ್ತಕ ಅಚ್ಚು ಮಾಡಬೇಕೆಂದು ಕೇಳಿಕೊಂಡ. ನಮ್ಮ ಲಿಪಿಗಳಲ್ಲಿ ಕಾಗುಣಿತ, ಒತ್ತಕ್ಷರ ಎಲ್ಲಕ್ಕೂ ಬೇರೆ ಬೇರೆ ಅಚ್ಚು ಬೇಕಲ್ಲ; 600 ಅಚ್ಚುಗಳು ಬೇಕಾದಾವು ಎಂಬ ಲೆಕ್ಕವೂ ಆ ಪತ್ರದಲ್ಲಿದೆ. ಕೆಲಸ ಕೈಗೂಡಲಿಲ್ಲ. 1616ರಲ್ಲಿ ರಾಚೋಲ್‌ನ ಜೆಸ್ಯೂಟ್ ಅಚ್ಚುಕೂಟದಿಂದ ಪುರಾಣ ರೋಮನ್ ಅಕ್ಷರದಲ್ಲಿ, ಪೋರ್ಚುಗೀಸ್ ಹೆಸರು ಹೊತ್ತು ಬಂತು. ಆಗ ಕವಿಗೆ 67ರ ಆಸುಪಾಸು. 1649ರಲ್ಲೂ 1654ರಲ್ಲೂ ಮತ್ತೆ ಅಚ್ಚಾಯಿತು.

ಈ ಮೂರು ಮುದ್ರಣಗಳಲ್ಲಿ ಒಂದು ಪ್ರತಿಯೂ ಇಂದು ಎಲ್ಲಿಯೂ ಸಿಕ್ಕಿಲ್ಲ.

ಕಾಲ ಹಾಗಿತ್ತು. 1674ರ ಬಳಿಕ ಗೋವೆಯಲ್ಲಿ ಅಚ್ಚಿನ ಕೆಲಸವೇ ನಿಂತುಹೋಯಿತು. ಮತ್ತೆ ಶುರುವಾದದ್ದು 1821ರಲ್ಲಿ. 1684ರಲ್ಲಿ ವೈಸರಾಯ್ ಒಂದು ಆಜ್ಞೆ ಹೊರಡಿಸಿ, ಮೂರು ವರ್ಷದೊಳಗೆ ಜನ ತಮ್ಮ ಭಾಷೆ ಬಿಟ್ಟು ಪೋರ್ಚುಗೀಸ್ ಆಡಬೇಕೆಂದ. 1759ರಲ್ಲಿ ಜೆಸ್ಯೂಟರನ್ನೇ ಗೋವೆಯಿಂದ ಹೊರಹಾಕಿದರು. ಬರೆದ ಕವಿಯಿಲ್ಲ, ಅವನ ಸಂಘವಿಲ್ಲ, ಅಚ್ಚುಕೂಟವಿಲ್ಲ, ಭಾಷೆಗೇ ಕುತ್ತು. ಹೀಗಿರುವಾಗ ಪುರಾಣ ಸೇರಿಕೊಂಡದ್ದು ಮನೆಗಳನ್ನು. ಹಾಳೆಗಳು ಜೀರ್ಣವಾದಂತೆ ಇನ್ನೊಂದು ಪ್ರತಿ. ಹನ್ನೊಂದು ಸಾವಿರದಷ್ಟು ಓವಿಗಳನ್ನು ಕೈಯಲ್ಲಿ ನಕಲು ಮಾಡುವುದೆಂದರೆ ತಿಂಗಳುಗಟ್ಟಲೆ ಕೂತು ಮಾಡುವ ಕೆಲಸ. ನನ್ನ ದೃಷ್ಟಿಯಲ್ಲಿ ಅದು ಜಪಕ್ಕೆ ಕಡಿಮೆಯಾದ ಭಕ್ತಿಯಲ್ಲ.

ಪುರಾಣ ಕನ್ನಡ ನಾಡಿಗೆ ಬಂದದ್ದೂ ಇಂಥ ಮನೆಗಳ ಮೂಲಕವೇ. ಇನ್‌ಕ್ವಿಸಿಷನ್ನಿನ ಕಾಟ, ಬರಗಾಲ, ಮರಾಠರ ದಾಳಿಗಳಿಂದ ಬೇಸತ್ತು ಗೋವೆಯ ಕ್ರೈಸ್ತ ರೈತಾಪಿ ಜನ 16ರಿಂದ 18ನೆಯ ಶತಮಾನದವರೆಗೆ ಅಲೆಯಲೆಯಾಗಿ ದಕ್ಷಿಣಕ್ಕೆ ಇಳಿದರು. ಕೆಳದಿಯ ನಾಯಕರು ಅವರಿಗೆ ಸಾಗುವಳಿಗೆ ಭೂಮಿ ಕೊಟ್ಟರು. ಕಾರವಾರದಿಂದ ಮಂಗಳೂರಿನವರೆಗೆ ನೆಲೆನಿಂತ ಈ ಕುಟುಂಬಗಳ ಜೊತೆ ಪುರಾಣವೂ ಬಂತು. ಕರಾವಳಿಯ ಕ್ರೈಸ್ತರಿಗೆ 1784ರಲ್ಲಿ ಟಿಪ್ಪುವಿನ ಸೆರೆ ಬಂತು, ಚರ್ಚುಗಳು ನೆಲಸಮವಾದವು, 1799ರಲ್ಲಿ ಬಿಡುಗಡೆಯಾಗಿ ಮರಳಿದವರು ಹೋದವರಿಗಿಂತ ಬಹಳ ಕಡಿಮೆ. ಇಷ್ಟೆಲ್ಲದರ ನಂತರವೂ ಮಂಗಳೂರಿನ ಕಡೆ ಹಸ್ತಪ್ರತಿಗಳು ಉಳಿದವಲ್ಲ ಎಂಬುದನ್ನು ನೆನೆದಾಗೆಲ್ಲ ಆ ನಕಲುಗಾರರ ಮೇಲಿನ ಗೌರವ ಇಮ್ಮಡಿಸುತ್ತದೆ.

ಆ ಉಳಿಕೆಯೇ ಪುರಾಣಕ್ಕೆ ಎರಡನೆಯ ಹುಟ್ಟು ಕೊಟ್ಟಿತು. 19ನೆಯ ಶತಮಾನದ ಕೊನೆಗೆ ಮಂಗಳೂರು ಪುಸ್ತಕಗಳ ಊರಾಗಿತ್ತು. ಬಾಸೆಲ್ ಮಿಷನ್ ಅಚ್ಚುಕೂಟವಿತ್ತು; ಜೆಸ್ಯೂಟರು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದಿದ್ದರು; ಅವರಲ್ಲೊಬ್ಬನಾದ ಇಟಲಿಯ ಆಂಜೆಲೊ ಮಾಫೆಯಿ ಬರೆದ ಕೊಂಕಣಿ ವ್ಯಾಕರಣ 1882ರಲ್ಲಿ ಪ್ರೊಟೆಸ್ಟೆಂಟರ ಆ ಬಾಸೆಲ್ ಅಚ್ಚುಕೂಟದಲ್ಲೇ ಅಚ್ಚಾಗಿತ್ತು. ಇಂಥ ಊರಿನಲ್ಲಿ ಜೋಸೆಫ್ ಎಲ್. ಸಲ್ಡಾನ ಎಂಬ ವಿದ್ವಾಂಸರು ಮನೆಮನೆಯ ಪ್ರತಿಗಳನ್ನು ಕಲೆಹಾಕಿ, ಒಂದರೊಡನೆ ಇನ್ನೊಂದನ್ನು ಹೋಲಿಸಿ, ಕವಿಚರಿತ್ರೆ ಮತ್ತು ಶಬ್ದಕೋಶ ಸೇರಿಸಿ 1907ರಲ್ಲಿ ಕ್ರಿಸ್ತಪುರಾಣವನ್ನು ಹೊರತಂದರು. ಬೋಳಾರದ ಸೈಮನ್ ಆಲ್ವಾರಿಸ್ ಪ್ರಕಾಶಕರು. 1654ರ ನಂತರ ಇಡೀ ಪುರಾಣ ಮತ್ತೆ ಅಚ್ಚು ಕಂಡದ್ದು ಮಂಗಳೂರಿನಲ್ಲಿ, 253 ವರ್ಷಗಳ ಮೇಲೆ. ಇಂದು ಪ್ರಪಂಚದಲ್ಲಿ ಸ್ಟೀಫನ್ಸ್ ಬಗ್ಗೆ ನಡೆಯುವ ಅಧ್ಯಯನವೆಲ್ಲ ಸಲ್ಡಾನರ ದುಡಿಮೆಗೆ ಋಣಿ. ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಈ ಹೆಸರಿಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲವೆಂಬ ಕೊರಗು ನನಗಿದೆ.

ಮುಂದಿನ ತಿರುವು ಲಂಡನ್ನಿನದು. ವಿಲಿಯಂ ಮಾರ್ಸ್‌ಡನ್ ಸಂಗ್ರಹದಲ್ಲಿದ್ದ ಒಂದು ಹಸ್ತಪ್ರತಿ ಕ್ರಿಸ್ತಪುರಾಣವೇ ಎಂದು ಜಸ್ಟಿನ್ ಆ್ಯಬಟ್ 1920ರ ದಶಕದಲ್ಲಿ ಗುರುತಿಸಿದರು. ಅದು ಇರುವುದು ದೇವನಾಗರಿಯಲ್ಲಿ. ರೋಮನ್ ಪ್ರತಿಗಳಲ್ಲಿ ಪೋರ್ಚುಗೀಸ್ ಮಾತುಗಳಿರುವ ಹಲವು ಕಡೆ ಇದರಲ್ಲಿ ಸಂಸ್ಕೃತದ ಮಾತುಗಳಿವೆ. ಕವಿ ಮೊದಲು ಬರೆದದ್ದು ಇದನ್ನೋ, ಅಥವಾ ಬೇರೆ ಯಾರೋ ಆಮೇಲೆ ತಿದ್ದಿದ್ದೋ ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ನಡೆದಿದೆ.

ಸ್ಟೀಫನ್ಸ್ ಹಾಕಿದ ದಾರಿಯಲ್ಲಿ ಬೇರೆಯವರೂ ನಡೆದರು. ಫ್ರಾನ್ಸಿನ ಎಟಿಯೆನ್ ದ ಲಾ ಕ್ರುವಾ ಸಂತ ಪೇತ್ರನ ಬಗ್ಗೆ ಮರಾಠಿ ಪುರಾಣ ಬರೆದ. ಫ್ರಾನ್ಸಿಸ್ಕೊ ವಾಜ್ ದ ಗಿಮರೈಸ್ 1659ರಲ್ಲಿ ಬರೆದ ಪಾಡಿನ ಪುರಾಣವನ್ನು ವಸಯಿ, ಮುಂಬಯಿ ಕಡೆಯ ಕ್ರೈಸ್ತರು ತಲೆಮಾರುಗಳವರೆಗೆ ತಪಸ್ಸು ಕಾಲದಲ್ಲಿ ಹಾಡಿಕೊಂಡು ಬಂದರು. ಮಂಗಳೂರಿನ ಕ್ಯಾಥೊಲಿಕರ ಮದುವೆಯ ಹಿಂದಿನ ದಿನ ರೊಸ್ ಶಾಸ್ತ್ರದಲ್ಲಿ ಹೆಂಗಸರು ಹಾಡುವ ವೊವ್ಯೊ ಹಾಡುಗಳೂ ಓವಿಯ ವಂಶದವೇ. ಪುರಾಣ ಓದುವವರು ಕಡಿಮೆಯಾದರೂ ಅದರ ನಡೆ ಮದುವೆ ಮನೆಯ ಅಂಗಳದಲ್ಲಿ ಉಳಿದಿದೆ.

ಇಂದು ಓದಬೇಕೆನ್ನುವವರಿಗೆ ಪುಸ್ತಕ ಇಲ್ಲವೆಂಬ ನೆವ ಇಲ್ಲ. ಶಾಂತಾರಾಮ ಬಂಡೇಲು 1956ರಲ್ಲಿ ಪುಣೆಯಿಂದ ದೇವನಾಗರಿ ಆವೃತ್ತಿ ತಂದರು. 1996ರಲ್ಲಿ ಕಾರಿದಾದ್ ದ್ರಾಗೊ ಸಂಪಾದಿಸಿದ ಆವೃತ್ತಿ ಮುಂಬಯಿಯಿಂದ ಬಂತು. ಸಲೇಶಿಯನ್ ಪಾದ್ರಿ ನೆಲ್ಸನ್ ಫಲ್ಕಾವ್ ದೇವನಾಗರಿ ಪಾಠದ ಜೊತೆಗೆ ಇಡೀ ಕೃತಿಯ ಇಂಗ್ಲಿಷ್ ಅನುವಾದವನ್ನು 2012ರಲ್ಲಿ ಪ್ರಕಟಿಸಿದ್ದು ನಮ್ಮ ಬೆಂಗಳೂರಿನಲ್ಲಿ. ಮರಾಠಿ ಅಷ್ಟಾಗಿ ಬಾರದ ಕನ್ನಡಿಗರಿಗೂ ದೇವನಾಗರಿ ಓದಲು ಬಂದರೆ ಅರ್ಧ ದಾರಿ ಸವೆದಂತೆ. ಪರಮೇಶ್ವರ, ವೈಕುಂಠ, ಮುಕ್ತಿ, ಗುರು ಎಲ್ಲ ನಮ್ಮ ಮಾತುಗಳೇ. ಒಂದೊಂದು ಅಧ್ಯಾಯದಲ್ಲಿ ಸರಾಸರಿ 115 ಓವಿ. ಮನಸ್ಸಿನಲ್ಲೇ ಓದದೆ ಬಾಯಿಬಿಟ್ಟು ಓದಬೇಕು, ಆಗಲೇ ಆ ನಾಲ್ಕನೆಯ ಸಾಲಿನ ಬೆಲೆ ತಿಳಿಯುವುದು. ಶನಿವಾರಕ್ಕೊಂದು, ಭಾನುವಾರಕ್ಕೊಂದು ಅಧ್ಯಾಯದಂತೆ ಹಿಡಿದರೆ 95 ಅಧ್ಯಾಯಗಳು ಒಂದು ವರ್ಷದೊಳಗೆ ಮುಗಿಯುತ್ತವೆ. ಮೊದಲ ಪುರಾಣದಿಂದಲೇ ಶುರುಮಾಡಿ. ಹಲವರು ನೇರವಾಗಿ ಯೇಸುವಿನ ಜನನಕ್ಕೆ ಹಾರುತ್ತಾರೆ, ಆದರೆ ಕಾಯುವ 36 ಅಧ್ಯಾಯಗಳನ್ನು ಓದಿ ಬಂದವರಿಗೆ ಆ ಜನನದ ಅಧ್ಯಾಯ ಕೊಡುವ ಸಂತೋಷವೇ ಬೇರೆ.